ತಾನ ಏಳುವ ಪೆಟಿಗಿ

ನನ್ನ ಹೆಸರು ಅಂಜನಕುಮಾರ್. ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ನಮ್ಮ ಓಣಿಯವರು ಅದನ್ನು ಅಂಜಣ್ಣ ಎಂದು ತುಂಡು ಮಾಡಿಕೊಂಡಿದ್ದಾರೆ. ಪ್ರೀತಿಯಿಂದ ಕರೆಯುತ್ತಾರೋ, ಅಂಜುವವನು ಎಂಬ ಅರ್ಥದಲ್ಲೋ ನಾನು ಕೇಳಿಲ್ಲ. ಕೇಳುವುದಕ್ಕೂ ಧೈರ್ಯ ಬೇಕು. ಆದರೆ ಅಂಜುಬುರುಕುತನಕ್ಕೆ ಸರ್ಕಾರ ಬಹುಮಾನ ಇಟ್ಟರೆ ಮೊದಲನೆಯದು ನನ್ನ ಪಕ್ಕದ ಮನೆಯ ಮೊಗುಲಪ್ಪನಿಗೇ ಸಲ್ಲಬೇಕು. ನಾನು ಎರಡನೆಯವನು, ಅದೂ ಬಹಳ ಹಿಂದೆ.

ಮೊಗುಲಪ್ಪನದೊಂದು ಪಿಕಪ್ ಗಾಡಿ. ಕೃಷ್ಣೆಯ ಜೂರಾಲ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಬೇಸಿಗೆ ಕಳೆಯುವ ಪೆದ್ದಪ್ಪ ಎಂಬ ಕುರುಬರ ಹಿರಿಯನ ಹಟ್ಟಿಯಿಂದ ಕುರಿಗಳನ್ನು ಸಂತೆಗೆ ಹೊರುವುದು ಅವನ ಕೆಲಸ. ಬೇರೆ ಗಿರಾಕಿ ಇಲ್ಲ. ಆ ಹಟ್ಟಿಯ ಕುರಿ ಇದ್ದರೆ ಮೊಗುಲಪ್ಪನ ಮನೆಯಲ್ಲಿ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕತ್ತಲಾದ ಮೇಲೆ ಅವನು ಗಾಡಿ ಮುಟ್ಟುವುದಿಲ್ಲ. ಹಗಲಿನಲ್ಲೂ ಪಕ್ಕದಲ್ಲಿ ಯಾರಾದರೂ ಕೂತಿರಬೇಕು. ಯಾರೂ ಸಿಗದಿದ್ದರೆ ಒಂದು ಟಗರನ್ನು ಮುಂದೆ ಕೂಡಿಸಿಕೊಂಡು ಹೋಗುತ್ತಾನೆ.

ಇಂಥವನಿಗೆ ಅಡವಿಯಲ್ಲಿ ಮಲಗುವ ಗಾಡಿ ಕಟ್ಟುವ ಹುಚ್ಚು ಹತ್ತಿಸಿದವನು ಗದ್ವಾಲದ ಭೀಮಶಂಕರ. ಅವನು ಮೊಗುಲಪ್ಪನ ಸಡ್ಡಕ, ಹೆಂಡತಿಯ ತಂಗಿ ಬಸವೇಶ್ವರಿಯ ಗಂಡ. ಸೀರೆ ಅಂಗಡಿಯ ಮಾಲೀಕ. ಮನೆಯ ಮೇಲೆ, ಬಂದವರಿಗೆಂದೇ, ಒಂದು ಎಸಿ ಕೋಣೆ ಕಟ್ಟಿಸಿ, ನೆಂಟರನ್ನೆಲ್ಲ ಕರೆದು ಊಟಕ್ಕೆ ಹಾಕಿ, ಎಲ್ಲರ ಎದುರಿಗೆ ಮೊಗುಲಪ್ಪನ ಹೆಗಲ ಮೇಲೆ ಕೈ ಇಟ್ಟ.

"ಯಾವಾಗರ ಬರ್ರಿ ಅಣ್ಣ, ನಮ್ಮಲ್ಲಿ ಮಕ್ಕೊಳ್ಳಾಕ ಜಾಗ ಐತಿ. ನಿಮ್ಮ ಮನಿಗೆ ಬಂದ್ರ ನಾವು ಕುರಿ ಗಾಡ್ಯಾಗ ಮಕ್ಕೋಬೇಕಾಗ್ತೈತಿ."

ನೆಂಟರು ನಕ್ಕರು. ಮೊಗುಲಪ್ಪನ ಹೆಂಡತಿ ಬುಗ್ಗಮ್ಮನೂ ನಕ್ಕಳು. ನೆಂಟರು ನಕ್ಕದ್ದನ್ನು ಅವನು ನುಂಗಿಕೊಂಡ, ಹೆಂಡತಿ ನಕ್ಕದ್ದು ಗಂಟಲಲ್ಲೇ ಉಳಿಯಿತು.

ಮರುದಿನ ಮೊಗುಲಪ್ಪ ನಾನು ಸೀರೆ ನೇಯುವ ಮಗ್ಗದ ಕೋಣೆಗೆ ಬಂದು ನನ್ನ ಮುಂದೆ ಫೋನು ಹಿಡಿದ. ಯಾವುದೋ ದೇಶದ ಗಂಡ ಹೆಂಡತಿ ಪಿಕಪ್ಪಿನ ಬೆನ್ನ ಮೇಲೆ ಒಂದು ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಬೆಟ್ಟದ ಬುಡದಲ್ಲಿ ನಿಲ್ಲಿಸಿ, ಏನೋ ಒತ್ತಿದರು. ಪೆಟ್ಟಿಗೆಯ ಮುಚ್ಚಳ ಎದ್ದು ನಿಂತಿತು, ಸುತ್ತ ಬಟ್ಟೆಯ ಗೋಡೆ ಬಿಚ್ಚಿಕೊಂಡಿತು. ಒಳಗೆ ಹಾಸಿಗೆ, ಒಲೆ, ದೀಪ, ಎಲ್ಲ ಇತ್ತು.

"ಇದಕ್ಕ ಪಾಪಪ್ ಅಂತಾರ ಅಂಜಣ್ಣ. ನಾ ಪಾಪಪ್ ಕಟ್ಟಾಂವ."

ಓಣಿಯಲ್ಲಿ ಸುದ್ದಿ ಹಬ್ಬಿತು. ಎದುರು ಮನೆಯ ಪೆಂಟಮ್ಮ ಬಂದು, ಮೊಗುಲಪ್ಪ ಮನೆಗೆ ಕರೆದುಕೊಂಡು ಬರುತ್ತಿರುವ ಪಾಪಪ್ಪ ಯಾವೂರಿನವನು, ಎಷ್ಟು ದಿನ ಇರುತ್ತಾನೆ ಎಂದು ನನ್ನನ್ನೇ ಕೇಳಿದಳು.

ನಾನೂ ನನ್ನ ಬುದ್ಧಿವಾದ ಹೇಳಿದೆ.

"ಡೇರೆ ಹೊಡದ್ರ ಸಸ್ತಾ ಆಗ್ತೈತಲ್ಲಪ."

"ಡೇರೆ ತಳದಾಗ ಹಾವು ಬರ್ತೈತಿ."

"ಹಂಗಾರ ಗಾಡಿಮ್ಯಾಲೆ ಎತ್ತರಕ ಒಂದು ತಗಡಿನ ಖೋಲಿನ ಕಟ್ಟಿಸಿಬಿಡು."

"ಕೃಷ್ಣಾ ಬ್ರಿಜ್ ಮ್ಯಾಲೆ ಗಾಳಿ ಬಡದ್ರ ಖೋಲಿ ಸುದ್ದಾ ಹೊಳಿಗೆ ಬೀಳ್ತೀವಿ."

"ಮತ್ತ ಪಾಪಪ್ಪಿನಾಗ ಏನು ಧೈರ್ಯ?"

"ಅದು ಇಳದಾಗ ಟ್ರಂಕಿನಂಗ ಕಾಣ್ತೈತಿ. ಒಳಗ ಮನಷ ಅದಾನಂತ ಕಳ್ಳಗ ಗೊತ್ತಾಗಂಗಿಲ್ಲ."

ಲೋಕದ ಜನ ಅಡವಿಯ ಗಾಳಿ ಬೆಳಕು ಕಾಣಲು ಇಂಥ ಗಾಡಿ ಕಟ್ಟುತ್ತಾರಂತೆ. ನಮ್ಮ ಮೊಗುಲಪ್ಪ ಅಡವಿಗೆ ಹೋಗಿ ಅಡವಿಯಿಂದ ಬಚ್ಚಿಟ್ಟುಕೊಳ್ಳಲು ಕಟ್ಟಿದ.

ಮಕ್ತಲದಲ್ಲಿ ವೆಲ್ಡಿಂಗ್ ಮಾಡುವ ಗಣೇಶ ಎಂಬವನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಕಬ್ಬಿಣದ ಚೌಕಟ್ಟು, ತಗಡಿನ ಗೋಡೆ, ತಗಡಿನದೇ ಮುಚ್ಚಳ. ಮುಚ್ಚಳ ಎತ್ತಲು ಗುಜರಿಗೆ ಹೋಗಿದ್ದ ಕಾರುಗಳ ಡಿಕ್ಕಿ ಬಾಗಿಲಿನ ಗ್ಯಾಸಿನ ಕಡ್ಡಿಗಳು. ಎದ್ದಾಗ ನಡುವೆ ಗೋಡೆಯಾಗಲು ನನ್ನ ಮಗ್ಗದಲ್ಲಿ ದಡಿ ತಪ್ಪಿ ಮೂಲೆಗೆ ಬಿದ್ದಿದ್ದ ಸೀರೆಗಳನ್ನು ಕೊಟ್ಟೆ. ಶೆಡ್ಡಿನಲ್ಲಿ ಸ್ಕೂಲ್ ಬಸ್ಸಿಗೆ ಹಚ್ಚಿ ಉಳಿದ ಬಣ್ಣವಿತ್ತು. ಮೊಗುಲಪ್ಪ ಪೆಟ್ಟಿಗೆಗೆ ಅಂಗುಲ ಬಿಡದೆ ಆ ಹಳದಿಯನ್ನೇ ಬಳಿಸಿದ. ಗಾಡಿಯ ಹಣೆಯ ಮೇಲೆ 'ಶ್ರೀ ಬೀರಪ್ಪ ಪ್ರಸನ್ನ' ಎಂದು ಮೊದಲೇ ಬರೆದಿತ್ತು. ಅದನ್ನು ಯಾರೂ ಅಳಿಸಲಿಲ್ಲ.

ಮೊದಲ ಸಲ ಕೊಂಡಿ ಬಿಟ್ಟಾಗ ಮುಚ್ಚಳ ಸುಂಯ್ ಎಂದು ಹಾರಿದ್ದಕ್ಕೆ ಮೊಗುಲಪ್ಪ ಹಿಂದಕ್ಕೆ ಬಿದ್ದು ಎಣ್ಣೆಯ ತೊಟ್ಟಿಯಲ್ಲಿ ಕೂತ. ಗಣೇಶ ತೆಲುಗಿನಲ್ಲಿ ಸಮಾಧಾನ ಹೇಳಿದ: "ಅನ್ನಾ, ಲೇಸ್ತದಿ. ದಿಗುತದೋ ಲೇದೋ ದೇವುಡಿಕೇ ತೆಲುಸು." ಏಳುವುದು ಖಂಡಿತ, ಇಳಿಯುವುದು ಮಾತ್ರ ದೇವರಿಗೇ ಗೊತ್ತು. ಆ ಮಾತಿನ ಮೇಲೆ ನಾವು ಗಾಡಿಯನ್ನು ಮನೆಗೆ ತಂದೆವು.

ಇಷ್ಟರಲ್ಲಿ ಪೆದ್ದಪ್ಪನ ಹಟ್ಟಿಯ ಕುರಿಗಳು ಸಂತೆಯ ಮುಖ ನೋಡದೆ ವಾರಗಳೇ ಆಗಿದ್ದವು. ಫೋನು ಬಂತು. ನಾನು ಪಕ್ಕದಲ್ಲೇ ಇದ್ದೆ, ಪೆದ್ದಪ್ಪನ ದನಿ ಫೋನಿಲ್ಲದಿದ್ದರೂ ಕೇಳುವಂಥದ್ದು.

"ಏನಪ ಮೊಗುಲಪ್ಪ, ನನ್ನ ಕುರಿ ಇಲ್ಲೇ ಮುದುಕಾಗಾಕತ್ತಾವು. ನಾ ಬ್ಯಾರೆ ಗಾಡಿ ನೋಡ್ಕೊಳ್ಳೇನು?"

ಮೊಗುಲಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಆ ಕುರಿ ಹೋದರೆ ಎಲ್ಲ ಹೋದಂತೆ. "ಹಂಗನಬ್ಯಾಡ್ರಿ ಪೆದ್ದಪ್ಪ. ಪೆಟಿಗಿ ಕೆಲಸದಾಗ ಇದ್ದೆ."

ಆ ಕಡೆಯ ದನಿ ಒಮ್ಮೆಗೇ ಮೆತ್ತಗಾಯಿತು. "ಪೆಟಿಗಿ ಕೆಲಸದಾಗ ಇದ್ದೇನು? ಮೊದಲ ಹೇಳಬಾರದೇನಪ. ಆತಾ ಪೆಟಿಗಿ?"

"ಆತ್ರಿ. ಹಳದಿ ಬಣ್ಣ ಬಳಸೀನಿ."

"ಹಳದಿನ ಬೇಕು. ಒಳಗ?"

"ಒಳಗ ಮೆತ್ತಂದು ಹಾಸಿಗಿ. ಸುತ್ತ ನಾರಾಯಣಪೇಟಿ ಸೀರಿ."

"ನಿನ್ನ ಹೊಟ್ಟಿ ತಣ್ಣಗಿರ್ಲಿ."

ಯಾರೂ ಹೊಗಳದ ಪೆಟ್ಟಿಗೆಯನ್ನು ಪೆದ್ದಪ್ಪ ಹೊಗಳಿದ್ದಕ್ಕೆ ಮೊಗುಲಪ್ಪ ಉಬ್ಬಿದ. "ಇನ್ನೊಂದು ಐತ್ರಿ. ಅದು ತಾನ ಎದ್ದು ನಿಂದರ್ತೈತಿ."

ಪೆದ್ದಪ್ಪ ದನಿ ತಗ್ಗಿಸಿ ಕೇಳಿದ.

"ತಾನ ಏಳ್ತೈತೇನಪ?"

"ಕಣ್ಣಾರೆ ನೋಡೀನ್ರಿ. ನೋಡಿ ಹೆದರಿ ಬಿದ್ದೆ."

"ಹೆದರಬೇಕು," ಎಂದಿತು ಪೆದ್ದಪ್ಪನ ದನಿ. "ಹೆದರಿಕಿ ಇರಬೇಕಪ. ಎಂದು ತರ್ತಿ?"

"ಐತಾರ ನಿಮ್ಮ ಹಟ್ಟಿಗೇ ಮೊದಲ ತರ್ತೀನಿ."

ಇಲ್ಲಿ ಓದುಗರಿಗೆ ಒಂದು ಸಂಗತಿ ಹೇಳಬೇಕು. ನನಗೆ ತಿಳಿದದ್ದು ಏಟು ತಪ್ಪಿಸಿಕೊಂಡ ಮೇಲೆ. ಆ ಹಟ್ಟಿಯ ಬೀರಪ್ಪ ಮರದ ಪೆಟ್ಟಿಗೆಯಲ್ಲಿರುವ ದೇವರು. ಹಳೆಯ ಪೆಟ್ಟಿಗೆಗೆ ಗೆದ್ದಲು ಹಿಡಿದು, ಗದ್ವಾಲದ ಒಬ್ಬ ಬಡಿಗನಿಗೆ ಹೊಸದನ್ನು ಮಾಡಲು ಹೇಳಿದ್ದರು. ಆದಾಗ ತರುವ ಕೆಲಸವನ್ನು ಮೊಗುಲಪ್ಪನಿಗೆ ಒಪ್ಪಿಸಿದ್ದರು. ಒಪ್ಪಿಸುವಾಗ ಅವನು ಫೋನಿನಲ್ಲಿ ಪಾಪಪ್ ನೋಡುತ್ತ "ಆತ್ರಿ" ಎಂದಿದ್ದ. ಯಾವುದಕ್ಕೆ ಆತ್ರಿ ಎಂದನೋ ಅವನಿಗೇ ಗೊತ್ತಿರಲಿಲ್ಲ.

ಬುಗ್ಗಮ್ಮ ಒಂದು ಷರತ್ತು ಹಾಕಿದಳು. "ಮೊದಲ ನೀವು ಅದರಾಗ ಒಂದು ನಿದ್ದಿ ಮಾಡಿ ತೋರಸ್ರಿ. ಹೆದರಲಿಲ್ಲ ಅಂದ್ರ ನಾನೂ ಹತ್ತತೀನಿ. ಹೆದರಿದ್ರ ಪೆಟಿಗಿ ಗುಜರಿಗೆ, ಕುರಿ ಗಾಡಿಗೆ." ಐತಾರ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಭೀಮಶಂಕರನ ಕಾರಿನಲ್ಲಿ ಹಟ್ಟಿಗೇ ಬಂದು ನೋಡುತ್ತೇನೆಂದಳು.

"ಆಕಿ ರಾತ್ರಿ ನಿದ್ದಿ ಅಂತ ಅಂದಿಲ್ಲ," ಎಂದ ಮೊಗುಲಪ್ಪ ನನ್ನ ಹತ್ತಿರ ಬಂದು. "ಬರೇ ನಿದ್ದಿ ಅಂದಾಳ. ನಾವು ಮುಂಜಾನೆ ನಾಷ್ಟಾ ಮಾಡಿ ಮಕ್ಕೊಳೋಣು."

"ನಾವು ಅಂದ್ರ?"

"ನೀ ಬರದಿದ್ರ ನಾ ಒಬ್ಬನ ಹೆಂಗ ಮಕ್ಕೊಳ್ಳಿ?"

ಐತಾರ ಮುಂಜಾನೆ ಹೊರಟೆವು. ಮಿರುಗ, ಅಂದರೆ ಮೃಗಶಿರಾ ಮಳೆ ಇನ್ನೂ ಕೂಡಿರಲಿಲ್ಲ. ಜನರೆಲ್ಲ ಆಕಾಶ ನೋಡುತ್ತಿದ್ದ ದಿನಗಳು. ಹಟ್ಟಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದೇವರು ಬರುತ್ತಾನೆಂದು ಎಲ್ಲರೂ ಹೊಳೆಗೆ ಸ್ನಾನಕ್ಕೆ ಹೋಗಿದ್ದರೆಂದು ನಮಗೇನು ಗೊತ್ತು. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು.

ಪೆಟ್ಟಿಗೆಯನ್ನು ಎಬ್ಬಿಸದೆ, ಇಳಿದೇ ಇದ್ದ ಹಾಗೆ, ಹಿಂದಿನ ಗಿಡ್ಡ ಬಾಗಿಲಿನಿಂದ ತೆವಳಿಕೊಂಡು ಒಳಹೊಕ್ಕೆವು. ಮೊಗುಲಪ್ಪ ಹೆದರಿಕೆಗೆ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡನೆಂದರೆ ಹೊರಗಿನ ಕೊಂಡಿ ತಾನಾಗಿ ಬಳೆಗೆ ಬಿದ್ದು ಟಿಕ್ ಎಂದಿತು. ನಮಗೆ ಸಮಾಧಾನವೇ ಆಯಿತು. ಒಳಗೆ ರೊಟ್ಟಿ ಸುಡುವಷ್ಟು ಕಾವು. ಅಂಗಿ ಧೋತರ ಕಳಚಿಟ್ಟು ಬನಿಯನ್, ಪಟ್ಟಾಪಟ್ಟಿ ಚಡ್ಡಿಯಲ್ಲಿ ಅಕ್ಕಪಕ್ಕ ಮಲಗಿದೆವು.

"ಅಂಜಣ್ಣ, ಏನೋ ಸಪ್ಪಳ."

"ನಿನ್ನ ಹೊಟ್ಟಿ."

"ಅದಲ್ಲ. ಡುಬುಡುಬು ಅನ್ನಾಕತ್ತೈತಿ."

"ಅದು ನನ್ನ ಎದಿ. ಮಕ್ಕೋ."

ಹೆದರಿ ಹೆದರಿ ದಣಿದು ಇಬ್ಬರಿಗೂ ಜೊಂಪು ಹತ್ತಿತು.

ಎಚ್ಚರಾದದ್ದು ಡೊಳ್ಳಿನ ಏಟಿಗೆ. ಒಂದು ಡೊಳ್ಳಲ್ಲ, ಹಟ್ಟಿಯ ಅಷ್ಟೂ ಡೊಳ್ಳುಗಳು ಪೆಟ್ಟಿಗೆಯ ಸುತ್ತ ನಿಂತು ಗುಡುಗುತ್ತಿದ್ದವು. ತಗಡು ನಡುಗಿತು, ತಗಡಿಗೆ ತಗುಲಿದ ನನ್ನ ಹಲ್ಲುಗಳು ನಡುಗಿದವು. ಆ ಗದ್ದಲದ ನಡುವೆ ಒಂದು ಕೂಗು ಎದ್ದಿತು: "ಏಳುಕೋಟಿ ಏಳುಕೋಟಿಗೋ." ಮೈಲಾರ, ಬೀರಪ್ಪನ ಒಕ್ಕಲಿನವರಿಗೆಲ್ಲ ಗೊತ್ತಿರುವ ಜಯಕಾರ ಅದು. ಆದರೆ ಅರೆನಿದ್ದೆಯ ಮೊಗುಲಪ್ಪನ ಕಿವಿಗೆ ಬಿದ್ದದ್ದು ಮೊದಲಿನ ಎರಡಕ್ಷರ ಮಾತ್ರ. ಯಾರೋ ಏಳು ಏಳು ಎನ್ನುತ್ತಿದ್ದಾರೆಂದು ಗಾಬರಿಯಿಂದ ಎದ್ದ. ತಲೆ ಹೋಗಿ ಮುಚ್ಚಳದ ಕೊಂಡಿಗೆ ಬಡಿಯಿತು. ಸುಂಯ್ ಎಂದು ಮುಚ್ಚಳ ಮೇಲಕ್ಕೆ ಹೋಯಿತು.

ಡೊಳ್ಳು ನಿಂತವು.

"ಎದ್ದ," ಎಂದಿತು ಪೆದ್ದಪ್ಪನ ದನಿ. "ನಮ್ಮಪ್ಪ ತಾನ ಎದ್ದ."

ಸೀರೆಯ ಸಂದಿನಲ್ಲಿ ಒಂದು ಕಣ್ಣು ಇಟ್ಟು ನೋಡಿದೆ. ಹಟ್ಟಿಯ ಗಂಡಸರು, ಹೆಂಗಸರು, ಎಲ್ಲ ನೆಲಕ್ಕೆ ಅಡ್ಡಬಿದ್ದಿದ್ದರು. ಮುದುಕನೊಬ್ಬ ಹಿಡಿ ಭಂಡಾರ ತೂರಿದ. ಅರಿಸಿನ ಸೀರೆಯಿಂದ ಜರಡಿ ಹಿಡಿದ ಹಾಗೆ ಇಳಿದು ನಮ್ಮ ಮೈಮೇಲೆ ಕೂತಿತು. ಬಿಸಿಲಿಗೆ ನಮ್ಮ ನೆರಳು ಆ ತೆಳು ಸೀರೆಯ ಮೇಲೆ ಕುಣಿಯುತ್ತಿರಬೇಕು, ಒಬ್ಬಳು ಹೆಂಗಸು ಬೆರಳು ತೋರಿಸಿ ಮೂರ್ಛೆ ಹೋದಳು.

ದೂರದಲ್ಲಿ ಯಾರೋ ಕೇಳಿದರು. "ಗಾಡಿ ಮೊಗುಲಪ್ಪಂದಲ್ಲ? ಮೊಗುಲಪ್ಪ ಎಲ್ಲಿ?"

"ಪೆಟಿಗಿ ತಂದಿಟ್ಟು ಮೈ ತೊಳಕೊಳ್ಳಾಕ ಹೋಗಿರ್ತಾನ. ಪುಣ್ಯವಂತ."

ಪುಣ್ಯವಂತ ಒಳಗೆ ಚಡ್ಡಿಯಲ್ಲಿ ಮುದುಡಿ ಕೂತಿದ್ದ. ದೇವರ ಪೆಟ್ಟಿಗೆಯೊಳಗೆ ಹೊಕ್ಕು ಮಲಗಿದ ಮನುಷ್ಯರನ್ನು ಡೊಳ್ಳಿನ ಕೋಲುಗಳು ಏನು ಮಾಡುತ್ತವೆಂದು ಇಬ್ಬರಿಗೂ ಗೊತ್ತಿತ್ತು. ಕಾಣದಂತೆ ಮುಚ್ಚಳ ಇಳಿಸೋಣವೆಂದು ಇಬ್ಬರೂ ಜೋತುಬಿದ್ದೆವು. ಸೀರೆಯ ಸೆರಗು ಕಡ್ಡಿಗಳಿಗೆ ಸುತ್ತಿಕೊಂಡಿತ್ತು, ಮುಚ್ಚಳ ಅಲುಗಲಿಲ್ಲ. ಬಾಗಿಲು ದೂಡಿದೆವು. ಹೊರಗಿನ ಕೊಂಡಿ ಬಿಡಲಿಲ್ಲ. ಮೊಗುಲಪ್ಪನಿಗೆ ತಡೆಯಲಾಗಲಿಲ್ಲ. ಅವನದಲ್ಲದ ಒಂದು ಕೀರಲು ದನಿಯಲ್ಲಿ ನನ್ನ ಕಿವಿಯ ಹತ್ತಿರ ಕಿರುಚಿದ:

"ಮ್ಯಾಲಿಂದು ಕೆಳಗ ಬರವಲ್ದು. ಕೆಳಗಿಂದು ತೆರಿಯವಲ್ದು."

ಹೊರಗೆ ಒಂದು ನಿಟ್ಟುಸಿರು ಹಾದುಹೋಯಿತು. "ಕಾರಣಿಕ ಆತು," ಎಂದ ಪೆದ್ದಪ್ಪ.

ದೇವರು ಒಂದು ಸಾಲು ನುಡಿಯುತ್ತಾನೆ, ಜನ ಇಡೀ ವರ್ಷವನ್ನು ಆ ಸಾಲಿನಲ್ಲಿ ಓದಿಕೊಳ್ಳುತ್ತಾರೆ. ಅದಕ್ಕೆ ಕಾರಣಿಕ ಎನ್ನುತ್ತಾರೆ. ಮೇಲಿನದು ಎಂದರೆ ಮಳೆ, ಅದು ಬರುವುದಿಲ್ಲ. ಕೆಳಗಿನದು ಎಂದರೆ ಬೋರಿನ ಕಣ್ಣು, ಅದು ತೆರೆಯುವುದಿಲ್ಲ. ಯಾರೋ ಹೆಂಗಸು ಅಳತೊಡಗಿದಳು. ನನಗೂ ಅಳು ಬಂತು. ಕಾರಣ ಬೇರೆ.

ಡೊಳ್ಳು ಕೇಳಿ ಮೋಟರ್ ಸೈಕಲ್ಲಿನಲ್ಲಿ ಗಿರ್ದಾವರ್ ಸಾಯಿಪ್ರಸಾದ್ ಬಂದ. ರೆವಿನ್ಯೂ ಇಲಾಖೆಯವನು, ಓದಿದವನು. ಇವನಾದರೂ ಪೆಟ್ಟಿಗೆಯನ್ನು ಪೆಟ್ಟಿಗೆ ಎಂದು ಗುರುತಿಸುತ್ತಾನೆಂದು ನಾವು ಆಸೆಪಟ್ಟೆವು. ಅವನು ಕಾರಣಿಕ ಕೇಳಿ ಹಣೆ ಗಂಟಿಕ್ಕಿದ.

"ಮ್ಯಾಲಿನ ಡ್ಯಾಮಿನ ನೀರು ಕೆಳಗ ಬರಂಗಿಲ್ಲ, ಕೆಳಗ ಜೂರಾಲ ಗೇಟು ತೆರೆಯಂಗಿಲ್ಲ. ಇಷ್ಟು ಸಾಫ್ ಆಗಿ ನಮ್ಮ ಡಿಪಾರ್ಟ್‌ಮೆಂಟಿನವರೂ ಹೇಳಂಗಿಲ್ಲ ನೋಡ್ರಿ."

ಆಮೇಲೆ ಬೂಟು ಕಳಚಿ, ಪೆಟ್ಟಿಗೆಯ ಹತ್ತಿರ ಬಂದು, ತನ್ನ ವರ್ಗಾವಣೆ ಮಾಡಿಸಿಕೊಡೆಂದು ಯಾರಿಗೂ ಕೇಳದಂತೆ ತೆಲುಗಿನಲ್ಲಿ ಪಿಸುಗುಟ್ಟಿದ. "ಸ್ವಾಮಿ, ನಾ ಟ್ರಾನ್ಸ್‌ಫರ್ ಸಂಗತಿ ಕೊಂಚೆಂ ಚೂಡಂಡಿ."

"ನಮ್ಮನ್ನ ಬಿಡ್ರಿ," ಎಂದ ಮೊಗುಲಪ್ಪ ಅಳುತ್ತ.

"ಬಿಡ್ರಿ ಅಂದ," ಗಿರ್ದಾವರ್ ಎದ್ದು ನಿಂತ, ಕಣ್ಣು ಒದ್ದೆಯಾಗಿದ್ದವು. "ರಿಲೀವ್ ಆರ್ಡರ್ ಬಂದಂಗನ."

ಇಷ್ಟಕ್ಕೇ ನಿಂತಿದ್ದರೆ ಸಂಜೆಯವರೆಗೆ ದೇವರಾಗಿ ಕೂತಿದ್ದು ಕತ್ತಲಾದ ಮೇಲೆ ಸೀರೆ ಹರಿದು ಓಡಬಹುದಿತ್ತು. ಆದರೆ ಕರ್ನೂಲಿನ ಕಡೆಯ ಒಬ್ಬ ಕುರಿ ದಲ್ಲಾಳಿ ಎರಡು ಟಗರು ಕೊಳ್ಳಲೆಂದು ಲಾರಿ ತಂದು ಅಲ್ಲೇ ನಿಂತಿದ್ದ. ಪೆದ್ದಪ್ಪ ಅವನನ್ನು ಕರೆದದ್ದು ನಮಗೆ ಕೇಳಿಸಿತು.

"ಮಳಿ ಇಲ್ಲ, ನೀರಿಲ್ಲ. ಹುಲ್ಲು ಎಲ್ಲಿಂದ ಬರ್ತೈತಿ? ಕಣ್ಣೆದುರಿಗೆ ಸಾಯೂದು ನೋಡಾಕ ನನ್ನ ಕೈಲಿ ಆಗಂಗಿಲ್ಲ. ಇಡೀ ಹಿಂಡು ತಗೊಂಡು ಹೋಗು. ನೀ ಕೊಟ್ಟಷ್ಟು ಕೊಡು."

"ಮರೀನೂ?"

"ಮರೀನೂ."

ಲಾರಿಯ ಹಲಗೆ ನೆಲಕ್ಕೆ ಬಿದ್ದ ಸದ್ದು ಬ್ರಹ್ಮಾಂಡದಷ್ಟು ದೊಡ್ಡದಾಗಿ ಕೇಳಿತು. ಕುರಿಗಳು ಒದರತೊಡಗಿದವು. ಪೆದ್ದಪ್ಪ ಅಳುತ್ತಿದ್ದ, ಆ ಗಟ್ಟಿ ದನಿಯ ಮುದುಕ ಚಿಕ್ಕವರ ಹಾಗೆ ಬಿಕ್ಕುತ್ತಿದ್ದ. ಮೊಗುಲಪ್ಪ ನನ್ನ ಮುಖ ನೋಡಿದ.

"ಅಂಜಣ್ಣ, ನನ್ನ ಬಾಯಿಂದ ಹಿಂಡು ಹೊಂಟಿತಲ್ಲೋ."

"ಸುಮ್ಮನಿರು. ಜೀವ ಉಳದ್ರ ಸಾಕು."

ಅವನು ಸುಮ್ಮನಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಹೇಳಿದ ಹೇಡಿತನದ ಮಾತು ಕೇಳಲಿಲ್ಲ. ಕೂಗಿದ: "ಪೆದ್ದಪ್ಪ, ಮಾರಬ್ಯಾಡ್ರಿ. ನಾ ದೇವರಲ್ಲ. ನಾ ಮೊಗುಲಪ್ಪ."

ಆಮೇಲೆ ಯಾರೋ ಪಿಸುಗುಟ್ಟಿದರು. "ದೇವರು ಮೊಗುಲಪ್ಪನ ಮೈಯಾಗ ಬಂದಾನ."

"ಅಲ್ರೀ, ಖರೇನ ಮೊಗುಲಪ್ಪ. ಕುರಿ ಗಾಡಿ ಮೊಗುಲಪ್ಪ."

"ಗಾಡಿ ಹೊಡೆಯೋನ ಹೆಸರು ಸುದ್ದಾ ದೇವರ ಬಾಯಾಗ ಬಂತು. ಆತನ ಭಾಗ್ಯ," ಎಂದು ಇನ್ನೊಬ್ಬ ಮತ್ತೊಂದು ಹಿಡಿ ಭಂಡಾರ ತೂರಿದ. ಮೊಗುಲಪ್ಪನಿಗೆ ಸೀನು ಬಂತು. ಅದಕ್ಕೂ ಡೊಳ್ಳು ಬಾರಿಸಿದರು.

ಆಗ ಭೀಮಶಂಕರನ ಹೊಸ ಕಾರು ಬಂತು. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರದ ಕಾರು. ಬುತ್ತಿಯ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಬುಗ್ಗಮ್ಮ ಇಳಿದಳು. ಅಡ್ಡಬಿದ್ದ ಜನ, ಹಳದಿ ಪೆಟ್ಟಿಗೆ, ಎದ್ದು ನಿಂತ ಮುಚ್ಚಳ, ಎಲ್ಲ ನೋಡಿ ನಿಂತಳು. ಒಳಗಿನಿಂದ ಅವಳನ್ನು ಕಂಡ ಮೊಗುಲಪ್ಪ ಎಲ್ಲ ಮರೆತು ಕೂಗಿದ.

"ಬುಗ್ಗೀ, ನಾನಲೇ."

ಜನರ ರೋಮ ನಿಮಿರಿತು. ಆಗ ತಾನೇ ಬಂದ ಹೆಣ್ಣುಮಗಳ ಮನೆಯ ಹೆಸರು ದೇವರಿಗೆ ಗೊತ್ತು.

"ಅದು ನನ್ನ ಗಂಡ," ಎಂದಳು ಬುಗ್ಗಮ್ಮ.

"ಹೌದು ತಾಯಿ," ಎಂದು ಒಬ್ಬ ಮುದುಕಿ ಅವಳ ಕಾಲಿಗೂ ಬಿದ್ದಳು. "ನಿನ್ನ ಮೈಯಾಗೂ ಬಂತೇನವ್ವ?" ಎಂದು ಅವಳ ಹಣೆಗೂ ಭಂಡಾರ ಬಳಿದರು. ಭೀಮಶಂಕರ ಮೆಲ್ಲಗೆ ಕಾರಿನೊಳಗೆ ಹೋಗಿ ಗಾಜು ಏರಿಸಿಕೊಂಡ. ಸತ್ಯಕ್ಕೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ.

ಬುಗ್ಗಮ್ಮ ಮಾತಾಡಿ ಕೆಲಸ ಆಗುವುದಿಲ್ಲವೆಂದು ಕಂಡಳು. ಬುಟ್ಟಿಯನ್ನು ಗಿರ್ದಾವರ್ ಕೈಗೆ ಕೊಟ್ಟು, ನೇರ ನಡೆದು ಬಂದು, ಯಾರೂ ಮುಟ್ಟಲು ಅಂಜಿದ್ದ ಪೆಟ್ಟಿಗೆಯ ಕೊಂಡಿಯನ್ನು ಎತ್ತಿದಳು. ಬಾಗಿಲು ತೆರೆಯಿತು. ಮೊದಲು ನನ್ನ ಕಾಲುಗಳು ಹೊರಬಂದವು, ಆಮೇಲೆ ಪಟ್ಟಾಪಟ್ಟಿ ಚಡ್ಡಿ, ಆಮೇಲೆ ಅರಿಸಿನದಲ್ಲಿ ಮುಳುಗಿದ ಒಟ್ಟು ನಾನು. ಹಟ್ಟಿಯೆಲ್ಲ ಬಾಯಿ ತೆರೆದು ನೋಡಿತು. ನಾನು ಕೈಮುಗಿದು ನೆಲದ ಮೇಲೆ ಕೂತುಬಿಟ್ಟೆ.

ಡೊಳ್ಳಿನ ಕೋಲುಗಳು ಮೇಲೆದ್ದವು. ಮೊಗುಲಪ್ಪ ಹೊರಬಂದವನೇ ಓಡಿದ. ಓಡಿ ತಪ್ಪಿಸಿಕೊಳ್ಳುತ್ತಾನೆಂದುಕೊಂಡೆ, ಅದು ಅವನ ಸ್ವಭಾವ. ಅವನು ಲಾರಿಯ ಕಡೆಗೆ ಓಡಿ, ಕುರಿ ಹತ್ತುವ ಹಲಗೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡ. ಮುಂದಿನ ಟಗರು ಅವನ ಹೊಟ್ಟೆಯ ಮೇಲೆ ಕಾಲಿಟ್ಟು ನಿಂತಿತು.

"ಹೊಡೀರಿ," ಎಂದ. "ಆದ್ರ ಕುರಿ ಇಳಸ್ರಿ ಪೆದ್ದಪ್ಪ. ಮ್ಯಾಲಿಂದು ಅಂದದ್ದು ಮಳಿಗಲ್ಲ, ಆ ತಗಡಿಗೆ. ಕೆಳಗಿಂದು ಅಂದ್ರ ಆ ಬಾಗಲಾ. ಪೆಟಿಗಿ ಅಂದ್ರ ನಾ ನನ್ನ ಪೆಟಿಗಿ ಅನ್ಕೊಂಡಿದ್ದೆ. ನಿಮ್ಮ ದೇವರ ಪೆಟಿಗಿ ಗದ್ವಾಲದಾಗನ ಐತಿ."

ಪೆದ್ದಪ್ಪ ಪೆಟ್ಟಿಗೆಯ ಹತ್ತಿರ ಹೋದ, ಸೀರೆಯ ಸೆರಗನ್ನು ಕಡ್ಡಿಯಿಂದ ಬಿಡಿಸಿದ, ಕುರಿ ಕಾಯುವ ಬಡಿಗೆಯಿಂದ ಮುಚ್ಚಳವನ್ನು ಎಳೆದ. ಅದು ಕೆಳಗೆ ಬಂತು. ಬಿಟ್ಟ, ಸುಂಯ್ ಎಂದು ಎದ್ದಿತು. ಮತ್ತೆ ಎಳೆದ. ಮತ್ತೆ ಬಿಟ್ಟ. ಆ ಮುದುಕನ ಮುಖದಲ್ಲಿ ಸಿಟ್ಟು ಇತ್ತೋ ಸಮಾಧಾನ ಇತ್ತೋ ಹೇಳಲಾಗಲಿಲ್ಲ, ಕಣ್ಣೀರು ಮಾತ್ರ ನಿಂತಿರಲಿಲ್ಲ.

"ಕುರಿ ಇಳಸ್ರಿ," ಎಂದ.

ದಲ್ಲಾಳಿ ಗೊಣಗುತ್ತ ಖಾಲಿ ಲಾರಿ ಹೊಡೆದುಕೊಂಡು ಹೋದ. ಆದರೆ ತಪ್ಪಿಗೆ ದಂಡ ಆಗಲೇಬೇಕು. ಹಿರಿಯರು ಬೇವಿನ ಕೆಳಗೆ ಕೂತು ಮಾತಾಡಿ ಬಂದರು. ಪೆದ್ದಪ್ಪ ತೀರ್ಪು ಹೇಳಿದ.

"ನಾವೆಲ್ಲ ಈಗ ಗದ್ವಾಲಕ್ಕ ಹೋಗಿ ದೇವರ ಪೆಟಿಗಿ ತರ್ತೀವಿ. ಬರೂದು ನಾಳಿ ಮುಂಜಾನೆ. ಅಲ್ಲೀತನಕ ಹಿಂಡು ಕಾಯೋನು ನೀನ. ಒಬ್ಬನ. ಒಂದು ಮರಿ ಕಡಿಮಿ ಆದ್ರ ಹಟ್ಟಿಗೆ ಮತ್ತ ಮುಖ ತೋರಸಬ್ಯಾಡ."

ಮೊಗುಲಪ್ಪ ನನ್ನ ಕಡೆ ನೋಡಿದ.

"ಮಗ್ಗದಾಂವ ಮನಿಗೆ ಹೋಗ್ಲಿ," ಎಂದ ಪೆದ್ದಪ್ಪ. "ಆತ ಬಾಯಿ ಬಿಟ್ಟಿಲ್ಲ."

ಬಾಯಿ ಬಿಡದೆ ಇದ್ದದ್ದು ನನಗೆ ಅಷ್ಟು ಲಾಭ ಯಾವತ್ತೂ ತಂದಿರಲಿಲ್ಲ, ಅಷ್ಟು ನಾಚಿಕೆಯನ್ನೂ ತಂದಿರಲಿಲ್ಲ. ಬೇರೆ ಗಾಡಿ ಇಲ್ಲದ್ದರಿಂದ ದೇವರನ್ನು ತರುವ ಭಾಗ್ಯ ಭೀಮಶಂಕರನ ಕಾರಿಗೆ ಬಂತು. ಹತ್ತಿದಷ್ಟು ಕುರುಬರು ಡೊಳ್ಳು, ಭಂಡಾರ ಸಮೇತ ಆ ಪ್ಲಾಸ್ಟಿಕ್ಕಿನ ಸೀಟುಗಳ ಮೇಲೆ ಕೂತರು. ಉಳಿದವರು ಹಿಂದೆ ಆಟೋ ಹಿಡಿದರು. ಬುಗ್ಗಮ್ಮ ಗಂಡನ ಜೊತೆ ಇರುತ್ತೇನೆಂದಳು, ಹಿರಿಯರು ಒಪ್ಪಲಿಲ್ಲ. ಹೊರಡುವಾಗ ಮೊಗುಲಪ್ಪ ಹಿಂಡಿನ ನಡುವೆ ನಿಂತಿದ್ದ, ಮೈಯೆಲ್ಲ ಹಳದಿ, ಕೈಯಲ್ಲಿ ಪೆದ್ದಪ್ಪನ ಬಡಿಗೆ. ನನ್ನ ಜೊತೆ ಬಸ್ಸಿನಲ್ಲಿ ಊರಿಗೆ ಮರಳುವಾಗ ಬುಗ್ಗಮ್ಮ ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

"ಗುಬ್ಬಿ ಹಾರಿದ್ರ ಹೆದರೋ ಮನಷ," ಎಂದಳು ಒಮ್ಮೆ. "ಎದಿ ಒಡಕೊಂಡು ಸಾಯ್ತಾನ ಅಂಜಣ್ಣ."

ಮರುದಿನ ಬೆಳಗು ಹರಿಯುತ್ತಲೇ, ಹೊಸದಾಗಿ ಬುತ್ತಿ ಕಟ್ಟಿಕೊಂಡ ಬುಗ್ಗಮ್ಮ, ನಾನು ಮೊದಲ ಬಸ್ಸು ಹಿಡಿದು ಬಂದೆವು. ಪೆದ್ದಪ್ಪನವರೂ ಆಗಲೇ ಬಂದು, ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ದಿಬ್ಬ ಇಳಿಯುತ್ತಿದ್ದರು. ಹಿಂದೆ ಭೀಮಶಂಕರ, ಅವನೂ ತಲೆಯಿಂದ ಕಾಲಿನವರೆಗೆ ಹಳದಿ. ಪಿಕಪ್ಪಿನ ಮೇಲೆ ಮುಚ್ಚಳ ಎದ್ದು ನಿಂತಿತ್ತು, ಹಿಂದಿನ ಬಾಗಿಲು ಹಾರುಹೊಡೆದಿತ್ತು. ಹಾಸಿಗೆಯ ಮೇಲೆ ಮೊಗುಲಪ್ಪ ಇರಲಿಲ್ಲ. ಬುಗ್ಗಮ್ಮನ ಕೈ ನನ್ನ ತೋಳನ್ನು ಹಿಡಿಯಿತು. ನೋವಾಗುವಷ್ಟು ಹಿಡಿಯಿತು.

ಹಾಸಿಗೆಯ ಮೇಲೆ ಒಂದು ಕುರಿ ಮಲಗಿತ್ತು. ಪಕ್ಕದಲ್ಲಿ, ನನ್ನ ದಡಿ ತಪ್ಪಿದ ಸೀರೆಯೊಂದರ ತುಂಡಿನಲ್ಲಿ ಸುತ್ತಿದ ಹೊಸ ಮರಿ. ಇನ್ನೂ ಕಿವಿ ಒಣಗಿರಲಿಲ್ಲ.

ಮೊಗುಲಪ್ಪ ಸಿಕ್ಕಿದ್ದು ಹಿಂಡಿನ ನಡುವೆ, ಬರೀ ನೆಲದ ಮೇಲೆ, ಬಡಿಗೆಯನ್ನು ಎದೆಗೆ ಅಪ್ಪಿಕೊಂಡು. ಸುತ್ತ ಕುರಿಗಳು ಅವನಿಗೆ ಒತ್ತಿಕೊಂಡು ಮಲಗಿದ್ದವು. ಕಣ್ಣು ಕೆಂಪಗೆ ತೆರೆದೇ ಇದ್ದವು. ಅವನು ಒಂದು ಗಳಿಗೆಯೂ ಮಲಗಿರಲಿಲ್ಲ. ಪೆದ್ದಪ್ಪ ಹಿಂಡಿನ ಸುತ್ತ ಒಮ್ಮೆ ನಡೆದು ಬಂದ. ಒಂದೂ ಕಡಿಮೆ ಆಗಿರಲಿಲ್ಲ, ಹೆಚ್ಚೇ ಆಗಿತ್ತು. ಅವನು ತನ್ನ ಕಂಬಳಿ ತೆಗೆದು ಮೊಗುಲಪ್ಪನ ಹೆಗಲಿಗೆ ಹೊದಿಸಿದ.

"ಪೆಟಿಗ್ಯಾಗ ಮಕ್ಕೋಬಾರದೇನಲೇ," ಎಂದೆ ನಾನು. "ಹೊರಗ ಹೆದರಿಕಿ ಆಗಲಿಲ್ಲೇನು?"

"ಆತು," ಎಂದ ಮೊಗುಲಪ್ಪ. ದನಿ ಸೋತು ಹೋಗಿತ್ತು. "ಭಾಳ ಆತು. ಎರಡು ಸಲ ಓಡಿ ಹೋಗಾಕ ಎದ್ದೆ. ಆದ್ರ ಇವು ನನಕಿಂತ ಅಂಜುಬುರುಕವು ಅಂಜಣ್ಣ. ನಾ ಎದ್ರ ಎಲ್ಲಾ ಏಳ್ತಿದ್ವು, ನಾ ಕುಂತ್ರ ಕುಂಡರ್ತಿದ್ವು. ಕಡೀಕ ನನ್ನ ನೋಡಿ ಧೈರ್ಯ ತಗೊಂಡು ಮಕ್ಕೊಂಡ್ವು. ಅವು ಮಕ್ಕೊಂಡ ಮ್ಯಾಲೆ ನಾ ಹೆಂಗ ಓಡ್ಲಿ?"

ಯಾರೂ ನಗಲಿಲ್ಲ. ಬುಗ್ಗಮ್ಮ ಅವನ ಎದುರಿಗೆ ನೆಲದ ಮೇಲೆ ಕೂತಳು, ಬುತ್ತಿ ಬಿಚ್ಚಿದಳು. ಭೀಮಶಂಕರ ಹಸಿದು ಪಕ್ಕಕ್ಕೆ ಬಂದು ಕೂತು ಕೈ ಚಾಚಿದ. ಅವಳು ಅವನಿಗೆ ತಡೆಯಲು ಹೇಳಿ, ಮೊದಲ ರೊಟ್ಟಿಯನ್ನು ಪುಂಡಿಪಲ್ಯ ಹಚ್ಚಿ ಗಂಡನ ಕೈಗೆ ಕೊಟ್ಟಳು.